ಜರ್ಮನಿಯ ಐಎಚ್‌ಕೆ: ಕಡ್ಡಾಯ ಸದಸ್ಯತ್ವದ ಹಣಕ್ಕೆ ಸಿಗುವುದೇನು?

ಜರ್ಮನಿಯಲ್ಲಿ ಅಂಗಡಿ ತೆರೆದವರಿಗೆ, ಆಮದು ವ್ಯಾಪಾರ ಆರಂಭಿಸಿದವರಿಗೆ, ಸಣ್ಣದೊಂದು ಕಂಪನಿ ನೋಂದಾಯಿಸಿದವರಿಗೆ ಸ್ವಲ್ಪ ಕಾಲದಲ್ಲೇ ಒಂದು ಪತ್ರ ಬರುತ್ತದೆ. ತಮ್ಮ ಪ್ರದೇಶದ ವಾಣಿಜ್ಯ ಮತ್ತು ಕೈಗಾರಿಕಾ ಮಂಡಳಿಗೆ, ಅಂದರೆ ಎಲ್ಲರೂ ಐಎಚ್‌ಕೆ ಎಂದು ಕರೆಯುವ ಸಂಸ್ಥೆಗೆ, ತಾವು ಈಗಾಗಲೇ ಸದಸ್ಯರಾಗಿದ್ದೀರಿ ಎಂದು ಅದು ತಿಳಿಸುತ್ತದೆ. ಅದಕ್ಕಾಗಿ ಯಾರೂ ಅರ್ಜಿ ಹಾಕಿರುವುದಿಲ್ಲ, ಸಹಿಯನ್ನೂ ಮಾಡಿರುವುದಿಲ್ಲ. ವ್ಯಾಪಾರ ಆರಂಭಿಸಿದ್ದೇವೆಂದು ಸ್ಥಳೀಯ ಕಚೇರಿಯಲ್ಲಿ ತಿಳಿಸಿದ ಮಾಹಿತಿ ಅಲ್ಲಿಂದ ಮಂಡಳಿಗೆ ಹೋಗಿರುತ್ತದೆ, ಸದಸ್ಯತ್ವ ಕಾನೂನಿನ ಬಲದಿಂದಲೇ ಹುಟ್ಟಿಕೊಂಡಿರುತ್ತದೆ. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಇಲ್ಲಿಗೆ ಬಂದು ಸ್ವಂತ ಉದ್ಯೋಗಕ್ಕೆ ಇಳಿದ ನಮ್ಮವರು ಈ ಪತ್ರ ಕಂಡಾಗ ಮೊದಲು ಕೇಳುವ ಪ್ರಶ್ನೆ ಒಂದೇ: ಈ ಹಣ ದಂಡಕ್ಕೆ ಹೋಗುತ್ತದೆಯೇ? ಚನ್ನಪಟ್ಟಣದ ಮರದ ಆಟಿಕೆಗಳನ್ನು ತರಿಸಿ ಇಲ್ಲಿ ಮಾರುವ ಸಣ್ಣ ವ್ಯಾಪಾರದಲ್ಲಿ ತೊಡಗಿರುವ ನಾನು, ಹಲವು ವರ್ಷ ಈ ಸಂಸ್ಥೆಯ ಸೇವೆ ಪಡೆದು, ಅದರ ಬಗ್ಗೆ ಸಿಟ್ಟಾಗಿ, ಅದನ್ನೇ ಅವಲಂಬಿಸಿ ತಲುಪಿದ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಯಾರು ಸದಸ್ಯರು, ಎಷ್ಟು ಹಣ ಎಂಬುದನ್ನು ಹೇಳಿಬಿಡುತ್ತೇನೆ. ದೇಶದಲ್ಲಿ ಒಟ್ಟು 79 ಐಎಚ್‌ಕೆಗಳಿವೆ, ಪ್ರತಿಯೊಂದಕ್ಕೂ ತನ್ನದೇ ಭೌಗೋಳಿಕ ವ್ಯಾಪ್ತಿ ಇದೆ. 1956ರ ಕಾನೂನಿನಂತೆ ವ್ಯಾಪಾರ ತೆರಿಗೆಯ ವ್ಯಾಪ್ತಿಗೆ ಬರುವ ಎಲ್ಲ ಉದ್ಯಮಗಳೂ ಇವುಗಳ ಸದಸ್ಯರಾಗಿರಬೇಕು. ಬಡಗಿ, ಬೇಕರಿ, ವಿದ್ಯುತ್ ಕೆಲಸ ಮುಂತಾದ ಕುಶಲ ಕಸುಬುಗಳಿಗೆ ಪ್ರತ್ಯೇಕ ಮಂಡಳಿಗಳಿವೆ. ವೈದ್ಯರು, ವಕೀಲರು, ವಾಸ್ತುಶಿಲ್ಪಿಗಳಂತಹ ಸ್ವತಂತ್ರ ವೃತ್ತಿಯವರು ಸಾಮಾನ್ಯವಾಗಿ ಐಎಚ್‌ಕೆಯ ಹೊರಗಿದ್ದಾರೆ. ನಮ್ಮವರಲ್ಲಿ ಹೆಚ್ಚಿನವರು ಸಾಫ್ಟ್‌ವೇರ್ ಕ್ಷೇತ್ರದಲ್ಲಿರುವುದರಿಂದ ಒಂದು ಮಾತನ್ನು ಇಲ್ಲಿಯೇ ಸೇರಿಸುತ್ತೇನೆ: ತೆರಿಗೆ ಕಚೇರಿ ನಿಮ್ಮ ಕೆಲಸವನ್ನು ಸ್ವತಂತ್ರ ವೃತ್ತಿ ಎಂದು ಒಪ್ಪಿದರೆ ಮಂಡಳಿಯ ಪ್ರಶ್ನೆಯೇ ಇಲ್ಲ. ಅದನ್ನು ವ್ಯಾಪಾರವೆಂದು ಪರಿಗಣಿಸಿದರೆ, ಅಥವಾ ನೀವಾಗಿಯೇ ಸೀಮಿತ ಹೊಣೆಯ ಕಂಪನಿ ಸ್ಥಾಪಿಸಿದರೆ, ಸದಸ್ಯತ್ವ ತಪ್ಪುವುದಿಲ್ಲ.

ಶುಲ್ಕದಲ್ಲಿ ಎರಡು ಭಾಗಗಳಿವೆ. ಒಂದು ಮೂಲ ಶುಲ್ಕ, ಇನ್ನೊಂದು ಲಾಭದ ಮೇಲೆ ವಿಧಿಸುವ ಸಣ್ಣ ಶೇಕಡಾವಾರು ವಂತಿಗೆ. ಎರಡರ ದರವನ್ನೂ ಆಯಾ ಮಂಡಳಿಯ ಚುನಾಯಿತ ಸಭೆ ನಿರ್ಧರಿಸುವುದರಿಂದ ಊರಿನಿಂದ ಊರಿಗೆ ವ್ಯತ್ಯಾಸವಿದೆ. ವ್ಯಕ್ತಿಗಳು ಮತ್ತು ಪಾಲುದಾರಿಕೆ ಸಂಸ್ಥೆಗಳಿಗೆ ವಂತಿಗೆ ಲೆಕ್ಕ ಹಾಕುವಾಗ ಲಾಭದಿಂದ 15,340 ಯೂರೋ ಕಳೆಯಲಾಗುತ್ತದೆ. ಉದಾಹರಣೆಗೆ, ವರ್ಷಕ್ಕೆ 40,000 ಯೂರೋ ಲಾಭ ಮಾಡಿದ ಒಬ್ಬ ಅಂಗಡಿಯವನಿಗೆ ಅವನ ಮಂಡಳಿಯ ದರ ಶೇಕಡಾ 0.2 ಇದ್ದರೆ, 24,660 ಯೂರೋಗಳ ಮೇಲೆ 49 ಯೂರೋ ಚಿಲ್ಲರೆ ವಂತಿಗೆ ಬರುತ್ತದೆ, ಅದರ ಮೇಲೆ ಮೂಲ ಶುಲ್ಕ ಸೇರುತ್ತದೆ. ಕಂಪನಿ ನೋಂದಣಿ ಪುಸ್ತಕದಲ್ಲಿ ಹೆಸರಿಲ್ಲದ, ವರ್ಷದ ಲಾಭ 5,200 ಯೂರೋ ಮೀರದ ವ್ಯಕ್ತಿಗಳು ಏನನ್ನೂ ಕೊಡಬೇಕಾಗಿಲ್ಲ. ಮೊದಲ ಬಾರಿಗೆ ವ್ಯಾಪಾರಕ್ಕಿಳಿದ ವ್ಯಕ್ತಿಗಳಿಗೆ, ಲಾಭ 25,000 ಯೂರೋ ಮೀರದಿದ್ದರೆ, ಮೊದಲ ಎರಡು ವರ್ಷ ಪೂರ್ಣ ವಿನಾಯಿತಿಯೂ ಮೂರನೆಯ ಮತ್ತು ನಾಲ್ಕನೆಯ ವರ್ಷ ವಂತಿಗೆಯಿಂದ ವಿನಾಯಿತಿಯೂ ಇದೆ. ಕಂಪನಿ ರೂಪದಲ್ಲಿ ಆರಂಭಿಸಿದವರಿಗೆ ಈ ರಿಯಾಯಿತಿ ಇಲ್ಲ. ಸಲಹೆ ಕೇಳದೆ ಮೊದಲ ದಿನವೇ ಕಂಪನಿ ನೋಂದಾಯಿಸಿ, ಆಮೇಲೆ ಪೇಚಾಡಿಕೊಂಡ ಪರಿಚಿತರು ನನಗಿದ್ದಾರೆ.

ಸಣ್ಣ ವ್ಯಾಪಾರಿಗೆ ಈ ಮೊತ್ತ ಹೊರೆಯಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆದರೆ ಮೊತ್ತ ಸಣ್ಣದು ಎಂಬುದರಿಂದ ಬಲವಂತ ಸರಿ ಎಂದಾಗುವುದಿಲ್ಲ. ಆದ್ದರಿಂದ ಸೇವೆಯನ್ನೇ ನೋಡಬೇಕು.

ನನ್ನ ವ್ಯಾಪಾರಕ್ಕೆ ನೇರವಾಗಿ ಒದಗಿದ್ದು ಆಮದು ಸಲಹೆ. ಅರಗಿನ ಬಣ್ಣ ಹಚ್ಚಿದ ಬೊಂಬೆ ನಮ್ಮ ಕಣ್ಣಿಗೆ ಎಷ್ಟೇ ನಿರಪಾಯಕಾರಿಯಾಗಿ ಕಂಡರೂ, ಯುರೋಪಿನ ಮಾರುಕಟ್ಟೆಗೆ ಬರುವ ಆಟಿಕೆಗೆ, ಅದು ಅಲ್ಲಿನ ಸುರಕ್ಷತಾ ನಿಯಮಗಳಿಗೆ ಅನುಗುಣವಾಗಿದೆ ಎಂದು ಸಾರುವ ಸಿಇ ಗುರುತು ಬೇಕು. ತಯಾರಕರು ಸುರಕ್ಷತಾ ಪರಿಶೀಲನೆ ನಡೆಸಿದ್ದಾರೆ ಎಂಬುದನ್ನು ಆಮದುದಾರನೇ ಖಚಿತಪಡಿಸಿಕೊಳ್ಳಬೇಕು, ತನ್ನ ಹೆಸರು ಮತ್ತು ವಿಳಾಸವನ್ನು ಸರಕಿನ ಮೇಲೆ ನಮೂದಿಸಬೇಕು. ಇದಲ್ಲದೆ ಪೊಟ್ಟಣಗಳ ತ್ಯಾಜ್ಯಕ್ಕೆ ಸಂಬಂಧಿಸಿದ ರಾಷ್ಟ್ರೀಯ ದಾಖಲೆಯಲ್ಲಿ, ಮಾರಾಟಕ್ಕೆ ಮುನ್ನವೇ ನೋಂದಾಯಿಸಿಕೊಳ್ಳಬೇಕು. ಈ ಎರಡು ವಿಷಯಗಳನ್ನೂ ನನಗೆ ತಿಳಿಸಿದವರು ಮಂಡಳಿಯ ವಿದೇಶ ವ್ಯಾಪಾರ ವಿಭಾಗದ ಒಬ್ಬ ಅಧಿಕಾರಿ. ಅವರು ಯಾವುದನ್ನು ಯಾವ ಕ್ರಮದಲ್ಲಿ ಮಾಡಬೇಕೆಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟರು, ಅದಕ್ಕೆ ಬೇರೆ ಶುಲ್ಕ ಕೇಳಲಿಲ್ಲ. ಇದೇ ಮಾಹಿತಿಗೆ ಖಾಸಗಿ ಸಲಹೆಗಾರರೊಬ್ಬರು ಹೇಳಿದ ದರ ನನ್ನ ಹಲವು ವರ್ಷಗಳ ಮಂಡಳಿ ಶುಲ್ಕಕ್ಕಿಂತ ಹೆಚ್ಚಾಗಿತ್ತು.

ಇದರ ಜೊತೆಗೆ ಹೇಳಲೇಬೇಕಾದ ಕೊರತೆಗಳೂ ಇವೆ. ಶುಲ್ಕದ ಆದೇಶಪತ್ರದ ಭಾಷೆ ಎಷ್ಟು ಬಿಗಿಯಾದದ್ದೆಂದರೆ, ಜರ್ಮನ್ ಚೆನ್ನಾಗಿ ಬಲ್ಲವರೂ ಅದನ್ನು ಎರಡು ಸಲ ಓದಬೇಕು. ಆ ವರ್ಷದ ಲಾಭ ಇನ್ನೂ ಗೊತ್ತಿಲ್ಲದಿರುವಾಗ ಹಿಂದಿನ ಲೆಕ್ಕದ ಆಧಾರದಲ್ಲಿ ತಾತ್ಕಾಲಿಕ ಶುಲ್ಕ ವಿಧಿಸಿ, ವರ್ಷಗಳ ನಂತರ ಸರಿಪಡಿಸುವ ಪದ್ಧತಿ ಇದೆ. ವ್ಯಾಪಾರ ಇಳಿಮುಖವಾಗಿರುವಾಗ ಒಳ್ಳೆಯ ವರ್ಷದ ಲೆಕ್ಕಕ್ಕೆ ಹಣ ಕಟ್ಟುವುದು ಹಿತವಾದ ಅನುಭವವಲ್ಲ. ಪತ್ರ ಬರೆದು ಅಂಕಿ ತಿದ್ದಿಸಬಹುದು ಎಂಬುದನ್ನು ಯಾರೂ ತಾವಾಗಿ ಹೇಳುವುದಿಲ್ಲ. ತರಬೇತಿ ಶಿಬಿರಗಳಲ್ಲಿ ಬಹುಪಾಲಿಗೆ ಪ್ರತ್ಯೇಕ ದರವಿದೆ. ಅವುಗಳ ವಿಷಯಗಳನ್ನು ನೋಡಿದರೆ, ನೂರಾರು ನೌಕರರಿರುವ ಕಾರ್ಖಾನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸಿದಂತೆ ಕಾಣುತ್ತದೆ. ಒಬ್ಬನೇ ನಡೆಸುವ ಅಂಗಡಿಗೆ ಏನು ಬೇಕು ಎಂಬುದನ್ನು ಯೋಚಿಸಿದ ಕುರುಹು ನಮ್ಮ ಮಂಡಳಿಯಲ್ಲಿ ನನಗೆ ವಿರಳವಾಗಿ ಕಂಡಿದೆ.

ಆದರೂ ಮಂಡಳಿಯ ನಿಜವಾದ ಕೆಲಸ ಸಲಹೆಯಲ್ಲ, ಪರೀಕ್ಷೆ ಎಂಬುದು ನನಗೆ ತಡವಾಗಿ ಅರ್ಥವಾಯಿತು. ಜರ್ಮನಿಯ ವೃತ್ತಿಶಿಕ್ಷಣದಲ್ಲಿ ವಿದ್ಯಾರ್ಥಿ ವಾರದ ಕೆಲವು ದಿನ ಕಂಪನಿಯಲ್ಲಿ ದುಡಿದು ಕಲಿಯುತ್ತಾನೆ, ಉಳಿದ ದಿನ ವೃತ್ತಿಶಾಲೆಯಲ್ಲಿ ಓದುತ್ತಾನೆ. ಕೊನೆಯಲ್ಲಿ ಅವನನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವುದು ಶಾಲೆಯೂ ಅಲ್ಲ, ಕಂಪನಿಯೂ ಅಲ್ಲ. ಆ ಹೊಣೆ ಮಂಡಳಿಯದು. ಮಾಲೀಕರ ಪ್ರತಿನಿಧಿಗಳು, ಅಷ್ಟೇ ಸಂಖ್ಯೆಯ ನೌಕರರ ಪ್ರತಿನಿಧಿಗಳು ಮತ್ತು ಕನಿಷ್ಠ ಒಬ್ಬ ಶಿಕ್ಷಕರು ಪರೀಕ್ಷಾ ಸಮಿತಿಯಲ್ಲಿರುತ್ತಾರೆ, ಮತ್ತು ಇವರು ಸಂಬಳವಿಲ್ಲದೆ ಗೌರವ ಸೇವೆಯಾಗಿ ಈ ಕೆಲಸ ಮಾಡುತ್ತಾರೆ. ಮ್ಯೂನಿಕ್‌ನಲ್ಲಿ ಪಡೆದ ಪ್ರಮಾಣಪತ್ರಕ್ಕೆ ಹ್ಯಾಂಬರ್ಗ್‌ನಲ್ಲಿ ಅಷ್ಟೇ ಬೆಲೆ ಇರುವುದು ಈ ವ್ಯವಸ್ಥೆಯಿಂದ. ಈಚಿನ ವರ್ಷಗಳಲ್ಲಿ ವೃತ್ತಿ ತರಬೇತಿಗೆಂದು ಭಾರತದಿಂದ ಬರುತ್ತಿರುವ ಯುವಕ ಯುವತಿಯರ ಭವಿಷ್ಯವೂ ಕೊನೆಗೆ ಇದೇ ಪರೀಕ್ಷೆಯ ಮೇಲೆ ನಿಂತಿದೆ. ಊರಲ್ಲೇ ತರಬೇತಿ ಮುಗಿಸಿ ಬಂದವರ ವಿದ್ಯಾರ್ಹತೆಯನ್ನು ಜರ್ಮನ್ ಅರ್ಹತೆಯೊಂದಿಗೆ ತೂಗಿ ಮಾನ್ಯತೆ ಕೊಡಲು ನ್ಯೂರೆಂಬರ್ಗ್‌ನಲ್ಲಿ ಬಹುತೇಕ ಐಎಚ್‌ಕೆಗಳು ಸೇರಿ ನಡೆಸುವ ಒಂದು ಕಚೇರಿಯೂ ಇದೆ, ಅದು ಫೋಸಾ ಎಂಬ ಹೆಸರಿನಿಂದ ಪರಿಚಿತ.

ಇನ್ನೆರಡು ಸಂದರ್ಭಗಳಲ್ಲಿ ನಮ್ಮವರಿಗೆ ಮಂಡಳಿ ಎದುರಾಗುತ್ತದೆ. ಸ್ವಂತ ಉದ್ಯೋಗದ ಆಧಾರದ ಮೇಲೆ ವಾಸದ ಪರವಾನಗಿ ಕೇಳಿದರೆ, ವಿದೇಶಿಯರ ಕಚೇರಿ ನಿಮ್ಮ ವ್ಯಾಪಾರ ಯೋಜನೆಯನ್ನು ಮಂಡಳಿಗೆ ಕಳುಹಿಸಿ ಅಭಿಪ್ರಾಯ ಕೇಳುವುದು ರೂಢಿ. ಮದ್ಯವನ್ನೂ ಬಡಿಸುವ ಹೋಟೆಲ್ ತೆರೆಯಬೇಕೆಂದರೆ, ಹಲವು ರಾಜ್ಯಗಳಲ್ಲಿ ಆಹಾರ ಕಾನೂನಿನ ಬಗ್ಗೆ ಮಂಡಳಿಯಲ್ಲೇ ಕೆಲವು ಗಂಟೆಗಳ ಪಾಠಕ್ಕೆ ಕೂತು, ಅದರ ಪತ್ರವನ್ನು ಪರವಾನಗಿ ಅರ್ಜಿಯೊಂದಿಗೆ ಸಲ್ಲಿಸಬೇಕು. ದೋಸೆಯ ಜೊತೆ ಬಿಯರ್ ಕೊಡುವ ನಮ್ಮ ಹೋಟೆಲಿನವರಿಗೆ ಇದು ಚೆನ್ನಾಗಿ ಗೊತ್ತು.

ಈ ಕೆಲಸಗಳನ್ನು ಸ್ವಯಂಪ್ರೇರಿತ ಸದಸ್ಯತ್ವದ ಸಂಸ್ಥೆ ಮಾಡಲಾರದೇ? ಕೆಲವನ್ನು ಖಂಡಿತ ಮಾಡಬಲ್ಲದು, ಅದಕ್ಕೆ ನಮ್ಮ ರಾಜ್ಯವೇ ಸಾಕ್ಷಿ. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ 1916ರಲ್ಲಿ ಮೈಸೂರು ಚೇಂಬರ್ ಆಫ್ ಕಾಮರ್ಸ್ ಆಗಿ ಹುಟ್ಟಿದ, ಇಂದು ಎಫ್‌ಕೆಸಿಸಿಐ ಎಂದು ಕರೆಯುವ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆ ಶತಮಾನ ದಾಟಿದ ಸಂಸ್ಥೆ. ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ 1928ರಿಂದ ಇದೆ. ಇವುಗಳಿಗೆ ಯಾರನ್ನೂ ಕಾನೂನು ಎಳೆದು ತರುವುದಿಲ್ಲ. ಬೇಕಾದವರು ಸೇರುತ್ತಾರೆ, ಬೇಡವಾದಾಗ ನವೀಕರಿಸದೆ ಸುಮ್ಮನಾಗುತ್ತಾರೆ. ಹಾಗಿದ್ದೂ ರಫ್ತುದಾರರಿಗೆ ಸರಕಿನ ಮೂಲ ದೃಢೀಕರಿಸುವ ಪ್ರಮಾಣಪತ್ರವನ್ನು ಎಫ್‌ಕೆಸಿಸಿಐ ಕೊಡುತ್ತದೆ. ಮೇಳಗಳಿಗೆ ಸರಕನ್ನು ತಾತ್ಕಾಲಿಕವಾಗಿ ಸುಂಕವಿಲ್ಲದೆ ಹೊರದೇಶಕ್ಕೆ ಒಯ್ಯಲು ಬೇಕಾದ ಎಟಿಎ ಕಾರ್ನೆಟ್ ಎಂಬ ದಾಖಲೆ ಜರ್ಮನಿಯಲ್ಲಿ ಐಎಚ್‌ಕೆಯಿಂದ ಸಿಕ್ಕರೆ, ಭಾರತದಲ್ಲಿ ಸ್ವಯಂಪ್ರೇರಿತ ಸಂಸ್ಥೆಯಾದ ಫಿಕ್ಕಿಯಿಂದ ಸಿಗುತ್ತದೆ. ಹಾಗಾಗಿ ಮುದ್ರೆ ಒತ್ತುವ ಕೆಲಸಕ್ಕೆ ಕಡ್ಡಾಯ ಸದಸ್ಯತ್ವ ಅನಿವಾರ್ಯ ಎಂದು ಐಎಚ್‌ಕೆಯವರು ಹೇಳಿದರೆ ನಾನು ಒಪ್ಪುವುದಿಲ್ಲ.

ವ್ಯತ್ಯಾಸ ಬೇರೆಡೆ ಇದೆ. ಕರ್ನಾಟಕದಲ್ಲಿ ಐಟಿಐ ಪರೀಕ್ಷೆ, ವ್ಯಾಪಾರ ಪರವಾನಗಿ, ಸಣ್ಣ ಉದ್ಯಮಗಳ ನೋಂದಣಿ ಎಲ್ಲವೂ ಸರ್ಕಾರದ ಇಲಾಖೆಗಳ ಅಥವಾ ಸ್ಥಳೀಯ ಸಂಸ್ಥೆಗಳ ಕೈಯಲ್ಲಿವೆ. ಅವುಗಳ ಖರ್ಚನ್ನು ನಾವು ತೆರಿಗೆಯ ರೂಪದಲ್ಲಿ ಕೊಡುತ್ತೇವೆ, ಅದೂ ಕಡ್ಡಾಯವೇ. ಆದರೆ ಐಟಿಐ ಪಠ್ಯದಲ್ಲಿ ಏನಿರಬೇಕು ಎಂಬುದರ ಬಗ್ಗೆ ಪೀಣ್ಯದ ಸಣ್ಣ ವರ್ಕ್‌ಶಾಪ್ ಮಾಲೀಕನಿಗೆ ಒಂದು ಮತವೂ ಇಲ್ಲ. ಜರ್ಮನಿಯಲ್ಲಿ ವೃತ್ತಿ ಪರೀಕ್ಷೆ ನಡೆಸುವ ಕೆಲಸವನ್ನು ಸರ್ಕಾರ ವ್ಯಾಪಾರಿಗಳ ಚುನಾಯಿತ ಸಂಸ್ಥೆಗೆ ಒಪ್ಪಿಸಿದೆ, ಅದಕ್ಕೆ ತಕ್ಕಂತೆ ಆ ಸಂಸ್ಥೆ ಎಲ್ಲ ವ್ಯಾಪಾರಿಗಳಿಂದಲೂ ಹಣ ಪಡೆಯುತ್ತದೆ. ಊರ ಕೆರೆಯ ಹೂಳೆತ್ತುವಾಗ ಮನೆಗಿಷ್ಟು ಎಂದು ಹಾಕಿಕೊಂಡಂತೆ ಇದು: ಕೊಡಲಾರೆ ಎಂದವನ ಗದ್ದೆಗೂ ಅದೇ ನೀರು ಹರಿಯುತ್ತದೆ. ತರಬೇತಿ ಪಡೆದ ಕೆಲಸಗಾರರನ್ನು ನೇಮಿಸಿಕೊಳ್ಳುವ ಪ್ರತಿಯೊಂದು ಕಂಪನಿಯೂ, ಪರೀಕ್ಷೆಗೆ ಒಂದು ಕಾಸು ಕೊಡದಿದ್ದರೂ, ಆ ಪರೀಕ್ಷೆಯ ಲಾಭ ಪಡೆಯುತ್ತದೆ.

ಕಡ್ಡಾಯವನ್ನು ತೆಗೆದರೆ ಏನಾಗುತ್ತದೆ ಎಂಬುದಕ್ಕೆ ಸ್ಪೇನ್ ಹತ್ತಿರದ ಉದಾಹರಣೆ. 2010ರ ಡಿಸೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಆರ್ಥಿಕ ಬಿಕ್ಕಟ್ಟಿನ ನಡುವೆ ಕಡ್ಡಾಯ ಶುಲ್ಕವನ್ನು ಕೈಬಿಟ್ಟಿತು. ಮಂಡಳಿಗಳ ಆದಾಯ ಕುಸಿಯಿತು, ಅವು ನೌಕರರನ್ನು ಕಡಿಮೆ ಮಾಡಬೇಕಾಯಿತು, ಕೆಲವು ಮುಚ್ಚಿಯೇ ಹೋದವು. ನಂತರ 2014ರಲ್ಲಿ ಹೊಸ ಕಾನೂನು ತಂದು ವ್ಯವಸ್ಥೆಯನ್ನು ಮತ್ತೆ ಕಟ್ಟಬೇಕಾಯಿತು. ನೆದರ್ಲೆಂಡ್ಸ್ ಬೇರೆ ದಾರಿ ಹಿಡಿಯಿತು: 2013ರಿಂದ ವಾರ್ಷಿಕ ಶುಲ್ಕವನ್ನು ನಿಲ್ಲಿಸಿತು, ಆದರೆ ಮಂಡಳಿ ಹೆಚ್ಚುಕಡಿಮೆ ಸರ್ಕಾರಿ ನೋಂದಣಿ ಕಚೇರಿಯಂತಾಯಿತು. ಎರಡರಲ್ಲಿ ಯಾವುದೂ ವ್ಯಾಪಾರಿಗಳ ಸ್ವಂತ ಆಡಳಿತವನ್ನು ಬಲಪಡಿಸಿತು ಎಂದು ನನಗೆ ಅನಿಸುವುದಿಲ್ಲ.

ಹಾಗೆಂದು ಜರ್ಮನ್ ಮಂಡಳಿಗಳು ತಾವಾಗಿಯೇ ಶಿಸ್ತಿನಿಂದ ನಡೆದುಕೊಂಡಿವೆ ಎಂದು ಯಾರೂ ಭಾವಿಸಬಾರದು. ಅವನ್ನು ಶಿಸ್ತಿಗೆ ತಂದವರು ಸಿಟ್ಟಾದ ಸಣ್ಣ ಸದಸ್ಯರು ಮತ್ತು ನ್ಯಾಯಾಲಯಗಳು. ಈ ವಿಮರ್ಶೆಯಲ್ಲಿ ನಾನು ಹೆಚ್ಚು ಬೆಲೆ ಕೊಡುವ ಸಂಗತಿಯೂ ಇದೇ.

2017ರ ಜುಲೈನಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ ಕಡ್ಡಾಯ ಸದಸ್ಯತ್ವ ಸಂವಿಧಾನಕ್ಕೆ ವಿರುದ್ಧವಲ್ಲ ಎಂದು ತೀರ್ಪು ಕೊಟ್ಟಿತು. 1962ರಲ್ಲೂ ಅದೇ ನ್ಯಾಯಾಲಯ ಹಾಗೆಯೇ ಹೇಳಿತ್ತು. ಮಂಡಳಿಯವರು ಈ ತೀರ್ಪನ್ನು ಗೆಲುವೆಂದು ಹೇಳಿಕೊಳ್ಳುತ್ತಾರೆ, ಆದರೆ ಅದರೊಳಗೆ ಒಂದು ಷರತ್ತು ಅಡಗಿದೆ. ಎಲ್ಲರನ್ನೂ ಸದಸ್ಯರನ್ನಾಗಿಸುವುದಕ್ಕೆ ಸಮರ್ಥನೆ ಇರುವುದು ಆ ಪ್ರದೇಶದ ಒಟ್ಟು ವ್ಯಾಪಾರದ ಹಿತವನ್ನು, ಅಲ್ಪಸಂಖ್ಯಾತರ ಭಿನ್ನಾಭಿಪ್ರಾಯವನ್ನೂ ಸೇರಿಸಿ, ಪ್ರತಿನಿಧಿಸಿದಾಗ ಮಾತ್ರ. ದೊಡ್ಡವರ ಧ್ವನಿಯನ್ನೇ ಎಲ್ಲರ ಧ್ವನಿ ಎಂದು ಸಾರುವ ಅಧಿಕಾರ ಮಂಡಳಿಗಿಲ್ಲ.

ಈ ಷರತ್ತು ಕಾಗದದ ಮೇಲಷ್ಟೇ ಉಳಿದಿಲ್ಲ. ಮ್ಯೂನ್‌ಸ್ಟರ್ ಪ್ರದೇಶದ ಗಾಳಿ ವಿದ್ಯುತ್ ಉದ್ಯಮಿಯೊಬ್ಬರು, ಮಂಡಳಿಗಳ ರಾಷ್ಟ್ರೀಯ ಒಕ್ಕೂಟ ತನ್ನ ಮಿತಿ ಮೀರಿ ರಾಜಕೀಯ ಹೇಳಿಕೆ ಕೊಡುತ್ತಿದೆ, ತನ್ನ ಹಣ ಅದಕ್ಕೆ ಬಳಕೆಯಾಗಬಾರದು ಎಂದು ಹಲವು ವರ್ಷ ಹೋರಾಡಿದರು. 2020ರ ಅಕ್ಟೋಬರ್‌ನಲ್ಲಿ ಫೆಡರಲ್ ಆಡಳಿತ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟು, ಅವರ ಮಂಡಳಿ ಒಕ್ಕೂಟದಿಂದ ಹೊರಬರಬೇಕೆಂದು ಆದೇಶಿಸಿತು. ಒಬ್ಬ ಸದಸ್ಯನ ದಾವೆಯಿಂದ ಇಡೀ ವ್ಯವಸ್ಥೆ ಅಲುಗಿತು. ಸಂಸತ್ತು ಮರುವರ್ಷ ಕಾನೂನನ್ನೇ ತಿದ್ದಿತು, ಒಕ್ಕೂಟ 2023ರ ಜನವರಿಯಿಂದ ಸಾರ್ವಜನಿಕ ಕಾನೂನಿನ ಸಂಸ್ಥೆಯಾಗಿ ಬದಲಾಯಿತು. ಅದೇ 2020ರ ಜನವರಿಯಲ್ಲಿ ಅದೇ ನ್ಯಾಯಾಲಯ, ಬ್ರೌನ್‌ಷ್ವೈಗ್ ಮತ್ತು ಲ್ಯೂನೆಬರ್ಗ್ ಕಡೆಯ ಸದಸ್ಯರ ದಾವೆಗಳಲ್ಲಿ, ಅಗತ್ಯಕ್ಕಿಂತ ಹೆಚ್ಚು ಹಣವನ್ನು ಕೂಡಿಟ್ಟುಕೊಂಡು ಅದರ ಆಧಾರದ ಮೇಲೆ ಶುಲ್ಕ ವಿಧಿಸುವುದು ಕಾನೂನುಬಾಹಿರ ಎಂದಿತು. ಸದಸ್ಯರ ಹಣ ಮಂಡಳಿಯ ಖಜಾನೆಯಲ್ಲಿ ಮಲಗಿರಬಾರದು ಎಂಬುದು ಇದರಿಂದ ಸ್ಥಿರವಾಯಿತು.

ಸ್ವಯಂಪ್ರೇರಿತ ಸಂಸ್ಥೆಯ ಸದಸ್ಯನಿಗೆ ಇಂತಹ ಬಲ ಇದೆಯೇ? ಅವನ ಬಳಿ ಇರುವ ದೊಡ್ಡ ಅಸ್ತ್ರ ಬಿಟ್ಟುಹೋಗುವುದು. ಆ ಅಸ್ತ್ರ ಹೆಚ್ಚು ಶುಲ್ಕ ಕೊಡುವ ದೊಡ್ಡ ಸದಸ್ಯನ ಕೈಯಲ್ಲಿ ಹರಿತವಾಗಿರುತ್ತದೆ, ಸಣ್ಣವನು ಬಿಟ್ಟುಹೋದರೆ ಯಾರೂ ಗಮನಿಸುವುದಿಲ್ಲ. ಬಿಟ್ಟುಹೋಗಲಾರದ ಸದಸ್ಯ ಮಾತ್ರ ನ್ಯಾಯಾಲಯದ ಮುಂದೆ ನಿಂತು, ನನ್ನನ್ನು ಬಲವಂತವಾಗಿ ಸೇರಿಸಿಕೊಂಡಿದ್ದರಿಂದಲೇ ನನ್ನ ಮಾತಿಗೆ ನೀವು ಉತ್ತರ ಕೊಡಬೇಕು ಎನ್ನಬಲ್ಲ. ಕಡ್ಡಾಯವನ್ನು ನಾನು ಸಮರ್ಥಿಸುವುದು ಈ ಕಾರಣಕ್ಕೆ, ಮತ್ತು ಈ ಹಕ್ಕು ದುರ್ಬಲವಾದ ದಿನ ನನ್ನ ಸಮರ್ಥನೆಯೂ ಇರುವುದಿಲ್ಲ. ವ್ಯಾಪಾರಿಗಳನ್ನು ಕಾನೂನಿನಿಂದ ಸೇರಿಸಿಕೊಂಡು, ಪ್ರಶ್ನಿಸುವ ಅವಕಾಶ ಕೊಡದ ಮಂಡಳಿಗೆ ಹೋಲಿಸಿದರೆ ಬೆಂಗಳೂರಿನ ಕೆಂಪೇಗೌಡ ರಸ್ತೆಯ ನಮ್ಮ ಎಫ್‌ಕೆಸಿಸಿಐನಂತಹ ಮುಕ್ತ ಸದಸ್ಯತ್ವವೇ ಎಷ್ಟೋ ಮೇಲು.

ಚುನಾವಣೆಯ ವಿಷಯಕ್ಕೆ ಬಂದರೆ ಹ್ಯಾಂಬರ್ಗ್‌ನ ಕಥೆಯನ್ನು ಹೇಳಲೇಬೇಕು. 2017ರಲ್ಲಿ ಅಲ್ಲಿನ ಮಂಡಳಿಯ ಸಭೆಗೆ ನಡೆದ ಚುನಾವಣೆಯಲ್ಲಿ ಬಂಡಾಯ ಗುಂಪೊಂದು 58 ಸ್ಥಾನಗಳಲ್ಲಿ 55ನ್ನು ಗೆದ್ದುಕೊಂಡಿತು. ಕಡ್ಡಾಯ ಶುಲ್ಕವನ್ನು ತೆಗೆದುಹಾಕುತ್ತೇವೆ ಎಂಬುದು ಅವರ ಮುಖ್ಯ ಭರವಸೆಯಾಗಿತ್ತು. ಅಧಿಕಾರಕ್ಕೆ ಬಂದ ಮೇಲೆ, ಕಾನೂನು ಹೇರಿದ ಕೆಲಸಗಳನ್ನು ಶುಲ್ಕವಿಲ್ಲದೆ ನಡೆಸುವುದು ಹೇಗೆ ಎಂಬ ಪ್ರಶ್ನೆ ಎದುರಾಯಿತು. ಭರವಸೆ ಈಡೇರಲಿಲ್ಲ, ಗುಂಪು ಒಡೆಯಿತು, ಅಧ್ಯಕ್ಷ ಟೋಬಿಯಾಸ್ ಬೆರ್ಗ್‌ಮನ್ 2018ರ ಕೊನೆಯಲ್ಲಿ ರಾಜೀನಾಮೆ ಕೊಟ್ಟರು. ಇದನ್ನು ಕಡ್ಡಾಯದ ಪರವಾದವರು ಗೇಲಿಗೆ ಬಳಸುವುದನ್ನು ಕೇಳಿದ್ದೇನೆ, ಅದು ಸರಿಯಲ್ಲ. ನನಗೆ ಅದರಲ್ಲಿ ಕಾಣುವುದು, ಸಾಮಾನ್ಯ ವ್ಯಾಪಾರಿಗಳು ಮನಸ್ಸು ಮಾಡಿದರೆ ಹಳೆಯ ಆಡಳಿತವನ್ನು ಒಂದೇ ಚುನಾವಣೆಯಲ್ಲಿ ಹೊರಗೆ ಕಳುಹಿಸಬಲ್ಲರು ಎಂಬುದು. ಹೀಗಿರುವಾಗ ಬಹಳಷ್ಟು ಮಂಡಳಿಗಳ ಚುನಾವಣೆಗಳಲ್ಲಿ ಸದಸ್ಯರ ಸಣ್ಣದೊಂದು ಭಾಗ ಮಾತ್ರ ಮತ ಹಾಕುವುದು ಬೇಸರದ ಸಂಗತಿ. ಶುಲ್ಕದ ಬಗ್ಗೆ ಗೊಣಗುವ ನಮ್ಮವರಲ್ಲಿ ಅನೇಕರು ಮತಪತ್ರದ ಲಕೋಟೆಯನ್ನು ಒಡೆದೂ ನೋಡಿರುವುದಿಲ್ಲ. ಈ ಮಂಡಳಿಯಲ್ಲಿ ಮತದಾನಕ್ಕೆ ಜರ್ಮನ್ ಪೌರತ್ವ ಬೇಕಾಗಿಲ್ಲ, ವ್ಯಾಪಾರದ ಸದಸ್ಯತ್ವವೇ ಸಾಕು. ದೇಶದ ಚುನಾವಣೆಯಲ್ಲಿ ಮತವಿಲ್ಲದ ನಮಗೆ ಇಲ್ಲಿ ಮತವಿದೆ ಎಂಬುದು ಸಣ್ಣ ಮಾತಲ್ಲ.

ಒಟ್ಟಿನಲ್ಲಿ, ಆಮದು ರಫ್ತು ಮಾಡುವವರಿಗೆ, ಹೋಟೆಲ್ ತೆರೆಯುವವರಿಗೆ, ತರಬೇತಿಗೆ ಯುವಕರನ್ನು ತೆಗೆದುಕೊಳ್ಳುವವರಿಗೆ ಕೊಟ್ಟ ಹಣಕ್ಕೆ ಮೋಸವಿಲ್ಲ, ಕೇಳಿ ಪಡೆಯುವ ಗುಣವೊಂದು ಇರಬೇಕು ಅಷ್ಟೆ. ಮನೆಯಿಂದಲೇ ಆನ್‌ಲೈನ್‌ನಲ್ಲಿ ಮಾರುವ, ನೌಕರರಿಲ್ಲದ ವ್ಯಾಪಾರಿಗೆ ಮಂಡಳಿ ಇನ್ನೂ ಬಹಳಷ್ಟು ಮಾಡಬೇಕಾಗಿದೆ. ಅಂಥವರಿಗಾಗಿ ಸಂಜೆಯ ವೇಳೆ, ಸರಳ ಜರ್ಮನ್ ಭಾಷೆಯಲ್ಲಿ, ಪ್ರತ್ಯೇಕ ಶುಲ್ಕವಿಲ್ಲದ ತರಗತಿಗಳು ಬೇಕು. ಶುಲ್ಕದ ಪತ್ರದಲ್ಲೇ ಆ ವರ್ಷದ ಹಣ ಪರೀಕ್ಷೆಗೆಷ್ಟು, ಸಲಹೆಗೆಷ್ಟು, ಕಟ್ಟಡಕ್ಕೆಷ್ಟು, ರಾಷ್ಟ್ರೀಯ ಒಕ್ಕೂಟಕ್ಕೆಷ್ಟು ಎಂಬ ನಾಲ್ಕು ಸಾಲು ಇರಬೇಕು. ಇದನ್ನು ನಮ್ಮ ಪ್ರದೇಶದ ಸಭೆಯ ಸದಸ್ಯರಿಗೆ ನಾನು ಬರೆದು ತಿಳಿಸಿದ್ದೇನೆ.

ಹೊಸದಾಗಿ ಸದಸ್ಯರಾದವರು ಮಾಡಬೇಕಾದದ್ದು ಇಷ್ಟು. ವಿನಾಯಿತಿ ನಿಮಗೆ ಅನ್ವಯಿಸುತ್ತದೆಯೇ ಎಂದು ಮೊದಲು ನೋಡಿ. ಆದೇಶಪತ್ರದಲ್ಲಿ ತೋರಿಸಿದ ಲಾಭದ ಅಂಕಿ ತಪ್ಪಾಗಿದ್ದರೆ ಅದನ್ನು ಪ್ರಶ್ನಿಸಲು ಸಾಮಾನ್ಯವಾಗಿ ಒಂದು ತಿಂಗಳ ಅವಕಾಶ ಮಾತ್ರ ಇರುತ್ತದೆ. ಮಂಡಳಿಗೆ ಆಕ್ಷೇಪ ಬರೆಯಬೇಕೋ, ನೇರವಾಗಿ ನ್ಯಾಯಾಲಯಕ್ಕೆ ಹೋಗಬೇಕೋ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿರುವುದರಿಂದ ಪತ್ರದ ಕೊನೆಯ ಪುಟವನ್ನು ತಪ್ಪದೆ ಓದಿ. ಅಂಕಿ ಬರೀ ತಾತ್ಕಾಲಿಕವಾಗಿದ್ದರೆ, ಅಷ್ಟು ದೂರ ಹೋಗುವ ಮುನ್ನ ಒಂದು ಫೋನ್ ಕರೆಯಲ್ಲೇ ಅದು ಸರಿಹೋಗಬಹುದು.